ಖಾಲಿ ಕಾಲು ಏನು ಮಾಡುತ್ತೆ?

ಜಟಿಂಗ ರಾಮೇಶ್ವರದ ಬೆಟ್ಟ ಹತ್ತುವಾಗ ಕಿವಿಗೆ ಏನು ಹಾಕ್ಕೋಬೇಕು ಅನ್ನೋದು ನನ್ನ ಮಟ್ಟಿಗೆ ದೊಡ್ಡ ಪ್ರಶ್ನೆ. ಪ್ರಯೋಗ ಮಾಡಿ ನೋಡಿದ್ದೇನೆ. ಜಿಮ್‌ಗೆ ಅಂತ ಮಾಡಿಟ್ಟ ಪ್ಲೇಲಿಸ್ಟ್ ಹಾಕಿದರೆ ಕಾಲು ಹಾಡಿನ ಹಿಂದೆ ಓಡಿ ಅರ್ಧ ದಾರಿಗೇ ಏದುಸಿರು. ವಿಲಂಬಿತ ಖಯಾಲ್ ಹಾಕಿದರೆ ಯಾವುದಾದರೂ ಬಂಡೆ ನೆರಳಲ್ಲಿ ಕೂತುಬಿಡೋಣ ಅನ್ಸುತ್ತೆ. ಪಾಡ್‌ಕಾಸ್ಟ್ ಹಾಕಿದರೆ ಬೆಂಗಳೂರಿಂದ ಇಷ್ಟು ದೂರ ಬಂದಿದ್ದೇ ದಂಡ. ಈ ಸಲ, ಮಾರ್ಚ್ ತಿಂಗಳ ಒಂದು ಬೆಳಗ್ಗೆ, ಬಿಸಿಲೇರೋ ಮುಂಚೆ, ಜಿಮ್ಮಿ ಸ್ಮಿತ್‌ನ ‘ಬ್ಯಾಕ್ ಅಟ್ ದ ಚಿಕನ್ ಶ್ಯಾಕ್’ ಹಾಕ್ಕೊಂಡು ಹತ್ತಿದೆ.

ಸರಿಹೋಯ್ತು. ಆಲ್ಬಮ್ಮಿನ ಹೆಸರೇ ಇರುವ ಮೊದಲ ಹಾಡು ಎಂಟು ನಿಮಿಷದ್ದು. ಅದರ ನಡಿಗೆಯಲ್ಲಿ ಅವಸರ ಇಲ್ಲ, ಆಲಸ್ಯವೂ ಇಲ್ಲ. ಸಂತೆ ಮುಗಿಸಿಕೊಂಡು, ಜೇಬಲ್ಲಿ ನಾಲ್ಕು ಕಾಸು ಇಟ್ಕೊಂಡು ಮನೆಗೆ ಹೊರಟವನ ನಡಿಗೆ. ಕೆಳಗೆ ದುಮ್, ದುಮ್, ದುಮ್, ದುಮ್ ಅಂತ ಒಂದು ಬಾಸು. ಒಂದು ಸ್ವರಕ್ಕೆ ಒಂದು ಮೆಟ್ಟಿಲು. ಹಾಡು ಮುಗಿಯೋವರೆಗೂ ನಾನು ನಿಲ್ಲಲಿಲ್ಲ. ಹತ್ತಿಸಿದ್ದು ನನ್ನ ಕಾಲಲ್ಲ, ಆ ಬಾಸು.

ಮೇಲೆ ಹೋಗಿ ನೀರು ಕುಡಿದು, ಇಷ್ಟು ಚೆನ್ನಾಗಿ ಬಾಸ್ ನುಡಿಸಿದ ಪುಣ್ಯಾತ್ಮ ಯಾರು ಅಂತ ಫೋನ್ ತೆಗೆದು ನೋಡಿದೆ. ಆರ್ಗನ್: ಜಿಮ್ಮಿ ಸ್ಮಿತ್. ಟೆನರ್ ಸ್ಯಾಕ್ಸೊಫೋನ್: ಸ್ಟ್ಯಾನ್ಲಿ ಟರೆಂಟೀನ್. ಗಿಟಾರ್: ಕೆನ್ನಿ ಬರೆಲ್. ಡ್ರಮ್ಸ್: ಡೊನಾಲ್ಡ್ ಬೈಲಿ. ಅಷ್ಟೇ. ಬಾಸ್ ನುಡಿಸಿದವರ ಹೆಸರಿಲ್ಲ. ಯಾಕಂದ್ರೆ ಬಾಸ್ ನುಡಿಸೋಕೆ ಅಂತ ಆ ದಿನ ಅಲ್ಲಿ ಯಾರೂ ಇರಲಿಲ್ಲ.

ಈ ಬರಹ ಇರೋದು ಆ ಇಲ್ಲದ ಮನುಷ್ಯನ ಬಗ್ಗೆ.

*

ಮೊದಲು ಆಲ್ಬಮ್ಮಿನ ಜಾತಕ ಹೇಳಿಬಿಡ್ತೀನಿ. 1960ರ ಏಪ್ರಿಲ್ 25ರಂದು ನ್ಯೂಜೆರ್ಸಿಯ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿರುವ ರೂಡಿ ವ್ಯಾನ್ ಗೆಲ್ಡರ್‌ನ ಸ್ಟುಡಿಯೋದಲ್ಲಿ ಈ ನಾಲ್ಕು ಜನ ಕೂತು ನುಡಿಸಿದರು. ವ್ಯಾನ್ ಗೆಲ್ಡರ್ ಒಂದು ವರ್ಷದ ಹಿಂದಿನವರೆಗೂ ಜನರ ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಬರೆದುಕೊಡೋ ಕೆಲಸದಲ್ಲಿದ್ದವನು. ರೆಕಾರ್ಡಿಂಗ್ ಹವ್ಯಾಸವೇ ಆಮೇಲೆ ಕಸುಬಾಯಿತು. ಒಂದೇ ದಿನದ ಆ ಕೆಲಸದಲ್ಲಿ ಎರಡು ಆಲ್ಬಂಗೆ ಆಗೋಷ್ಟು ಸಂಗೀತ ಸಿಕ್ಕಿತು. ಬ್ಲೂ ನೋಟ್ ಕಂಪನಿ ಒಂದನ್ನು ‘ಮಿಡ್‌ನೈಟ್ ಸ್ಪೆಷಲ್’ ಅಂತ 1961ರಲ್ಲಿ ತಂದಿತು. ಇದನ್ನು 1963ರವರೆಗೆ ಇಟ್ಟುಕೊಂಡು ಆಮೇಲೆ ಬಿಟ್ಟಿತು. ಎಲ್ಪಿಯಲ್ಲಿ ಇರೋದು ನಾಲ್ಕೇ ಹಾಡು. ಮುಖಪುಟದಲ್ಲಿ ಸೂಟು ಬೂಟಿನ ಜಾಝ್ ಕಲಾವಿದ ಇಲ್ಲ. ಕೋಳಿ, ನಾಯಿ ಜೊತೆಗೆ ಹಳ್ಳಿಯ ಗೂಡಿನೆದುರು ಕೂತ ಜಿಮ್ಮಿ ಸ್ಮಿತ್ ಇದ್ದಾನೆ. ಚಿಕನ್ ಶ್ಯಾಕ್ ಅಂದರೆ ಕರಿದ ಕೋಳಿ ಮಾರೋ ಸಣ್ಣ ಖಾನಾವಳಿ. ನಮ್ಮ ಕಡೆ ಹೈವೇ ಪಕ್ಕದ ಶೀಟಿನ ಹೋಟ್ಲು ಅನ್ಕೊಳ್ಳಿ.

ವಾದ್ಯ ಹ್ಯಾಮಂಡ್ ಆರ್ಗನ್. ಲಾರೆನ್ಸ್ ಹ್ಯಾಮಂಡ್ ಅನ್ನೋ ಎಂಜಿನಿಯರ್ 1935ರಲ್ಲಿ ಇದನ್ನು ಮಾರುಕಟ್ಟೆಗೆ ತಂದದ್ದು, ದೊಡ್ಡ ಪೈಪ್ ಆರ್ಗನ್ ಕೊಳ್ಳೋ ಶಕ್ತಿ ಇಲ್ಲದ ಚರ್ಚುಗಳನ್ನ ಗಮನದಲ್ಲಿಟ್ಟುಕೊಂಡು. ಒಳಗೆ ಮೋಟಾರಿನಿಂದ ತಿರುಗುವ 91 ಸಣ್ಣ ಹಲ್ಲಿನ ಚಕ್ರಗಳು, ಅವುಗಳ ಎದುರು ಅಯಸ್ಕಾಂತ. ಆ ತಿರುಗಾಟದಿಂದಲೇ ಸ್ವರ. ಅಂದರೆ ಇದು ಅರ್ಧ ವಾದ್ಯ, ಅರ್ಧ ಯಂತ್ರ. ಕೈಗೆ ಎರಡು ಸಾಲು ಮನೆ, ಒಂದೊಂದರಲ್ಲಿ 61. ಕಾಲಿಗೆ ಪಿಯಾನೋದಂತೆಯೇ ಕಪ್ಪು ಬಿಳುಪು ಸ್ವರ ಇರುವ, ಆದರೆ ಮರದ ಪಟ್ಟಿಗಳ 25 ಪೆಡಲ್. ಜೊತೆಗೆ ಬಲಗಾಲಿಗೆ ಕಾರಿನ ಆಕ್ಸಿಲೇಟರ್ ಥರ ಇನ್ನೊಂದು ಪೆಡಲ್, ಸದ್ದು ಏರಿಸಿ ಇಳಿಸೋಕೆ.

ಈ ಕೊನೆಯದು ಮುಖ್ಯ. ಯಾಕಂದ್ರೆ ಹ್ಯಾಮಂಡ್ ಮನೆಗಳಿಗೆ ಬೆರಳಿನ ಭಾರ ಗೊತ್ತಾಗೋದಿಲ್ಲ. ಪ್ರೀತಿಯಿಂದ ಒತ್ತಿ, ಸಿಟ್ಟಿಂದ ಗುದ್ದಿ, ಸದ್ದು ಅಷ್ಟೇ. ಪಿಯಾನೋ ನುಡಿಸೋರಿಗೆ ಇದು ಕೈ ಕಟ್ಟಿಹಾಕಿದ ಹಾಗೆ. ಹಾಗಾದ್ರೆ ಭಾವ ಎಲ್ಲಿಂದ ತರೋದು? ಉಳಿದಿರೋದು ಒಂದೇ ದಾರಿ: ಸ್ವರವನ್ನ ಯಾವಾಗ ಒತ್ತಬೇಕು, ಯಾವಾಗ ಬಿಡಬೇಕು. ಭಾರದಲ್ಲಿ ಹೇಳೋಕಾಗದ್ದನ್ನ ಹೊತ್ತಿನಲ್ಲಿ ಹೇಳಬೇಕು. ಫಂಕಿ ಅಂತ ನಾವು ಕರೆಯೋ ಗುಣ ಹುಟ್ಟೋದು ಇಲ್ಲೇ.

ಆ ಪದದ ಬಗ್ಗೆ ಒಂದು ಮಾತು. ಫಂಕ್ ಅಂದ್ರೆ ಮೂಲದಲ್ಲಿ ನಾತ. ಮೈಯ ವಾಸನೆ, ಬೆವರಿನ ವಾಸನೆ. ನಮ್ಮ ವಿಮರ್ಶಕರಾದ್ರೆ ತಕ್ಷಣ ‘ಮಣ್ಣಿನ ವಾಸನೆ’ ಅಂತ ಅನುವಾದಿಸಿಬಿಡ್ತಾರೆ. ಅದಲ್ಲ ಇದು. ಮಣ್ಣಿಗೆ ಮಳೆ ಬಿದ್ದರೆ ಸಾಕು, ವಾಸನೆ ಬರುತ್ತೆ. ಬೆವರಿನ ವಾಸನೆ ಬರಬೇಕಾದರೆ ಯಾರಾದರೂ ಕೆಲಸ ಮಾಡಿರಬೇಕು.

*

ನಾನು ಊರಿಗೆ ಹೋಗಿದ್ದು ಬೆಟ್ಟ ಹತ್ತೋಕಲ್ಲ. ಮೊಳಕಾಲ್ಮೂರಲ್ಲಿ ನನ್ನ ಸೋದರಮಾವನ ಮನೆಯಲ್ಲಿ ಒಂದು ಕಾಲು ಹಾರ್ಮೋನಿಯಂ ಇತ್ತು. ಮಾವ ಅದನ್ನ ಪೆಟ್ಟಿಗೆ ಅಂತಲೇ ಕರೆಯೋದು. ಅದರ ಫೋಟೋ ತೆಗೆದು ನಾನು ಯಾವಾಗಲೋ ಸ್ಟೇಟಸ್ ಹಾಕಿದ್ದೆ. ನಮ್ಮ ಆಫೀಸಿನ ಹತ್ತಿರ ಹೊಸದಾಗಿ ಶುರುವಾಗ್ತಿದ್ದ ಕೆಫೆಯೊಂದರ ಒಳಾಂಗಣ ಮಾಡ್ತಿದ್ದ ಸ್ನೇಹಿತರು ನೋಡಿ, ‘ಇದು ಸಿಗುತ್ತಾ? ವಿಂಟೇಜ್ ಲುಕ್ ಬೇಕು’ ಅಂದ್ರು. 18,000 ರೂಪಾಯಿ. ವ್ಯವಹಾರ ಕುದುರಿಸಿದ ದಲ್ಲಾಳಿ ನಾನೇ.

ಮಾವ ಮಗ್ಗದವನು. ಮೊಳಕಾಲ್ಮೂರು ರೇಷ್ಮೆ ಸೀರೆ ನೀವು ಕೇಳಿರ್ತೀರಿ, ಅಮ್ಮನ ಬೀರುವಲ್ಲಿ ಒಂದಾದರೂ ಇರುತ್ತೆ. ಅದನ್ನ ನೇಯೋ ಗುಂಡಿ ಮಗ್ಗದ ಮುಂದೆ ಮಾವ ಮೂವತ್ತೈದು ವರ್ಷ ಕೂತಿದ್ದಾನೆ. ನೆಲದಲ್ಲಿ ತೋಡಿದ ಗುಂಡಿ, ಅದರ ಅಂಚಿಗೆ ಮನುಷ್ಯ, ಗುಂಡಿಯೊಳಗೆ ಕಾಲು. ಕಾಲು ತುಳಿದಾಗ ಹಾಸಿನ ಎಳೆಗಳು ಬಾಯಿ ತೆರೀತವೆ, ಒಂದು ಕೈ ಲಾಳಿ ಓಡಿಸುತ್ತೆ, ಇನ್ನೊಂದು ಕೈ ಬಡೀತದೆ. ಸೀರೆ ನೋಡೋರಿಗೆ ಕಾಣೋದು ಅಂಚು, ಸೆರಗು, ಬುಟ್ಟಾ. ಕಾಲು ಮಾಡಿದ ಕೆಲಸ ಯಾರಿಗೂ ಕಾಣೋದಿಲ್ಲ. ಊರಲ್ಲಿ ನಾಟಕ ಕಟ್ಟಿದಾಗ ಇದೇ ಮಾವ ಹಾರ್ಮೋನಿಯಂ ಮೇಷ್ಟ್ರು. ಆಗಲೂ ಕಾಲಿಗೆ ಬಿಡುವಿಲ್ಲ. ಕೈ ಹಾರ್ಮೋನಿಯಮ್ಮಿನಲ್ಲಿ ಒಂದು ಕೈ ಗಾಳಿ ಹಾಕೋಕೇ ಹೋಗುತ್ತೆ. ಕಾಲು ಪೆಟ್ಟಿಗೆಯಲ್ಲಿ ಎರಡೂ ಪಾದ ಒಂದಾದ ಮೇಲೊಂದು ತುಳೀತಾ ಗಾಳಿ ತುಂಬಿಸುತ್ತವೆ, ಎರಡೂ ಕೈ ನುಡಿಸೋಕೆ ಸಿಗ್ತವೆ. ಪೌರಾಣಿಕ ನಾಟಕ ಅಂದ್ರೆ ರಾತ್ರಿ ಹತ್ತಕ್ಕೆ ಶುರುವಾಗಿ ಬೆಳಗಿನ ಜಾವದವರೆಗೆ. ಭೀಮ ದುರ್ಯೋಧನರಿಗಾದ್ರೂ ಮಧ್ಯೆ ಬೀಡಿ ಸೇದೋಕೆ ಟೈಮಿರುತ್ತೆ, ಮೇಷ್ಟ್ರಿಗೆ ಇಲ್ಲ.

ಈಗ ಮಂಡಿ ಹೋಗಿದೆ. ಮಗ್ಗ ನಿಂತು ಎರಡು ವರ್ಷ. ನಾಟಕಕ್ಕೆ ಹುಡುಗರು ಕೀಬೋರ್ಡ್ ತರ್ತಾರೆ.

ಬೆಟ್ಟ ಇಳಿದು ಮಾವನ ಮನೆಗೆ ಹೋಗಿ, ಊಟ ಆದ ಮೇಲೆ, ಸುಮ್ಮನೆ ಕುತೂಹಲಕ್ಕೆ ಬ್ಲೂಟೂತ್ ಸ್ಪೀಕರಲ್ಲಿ ಅದೇ ಹಾಡು ಹಾಕಿದೆ. ಮಾವನಿಗೆ ಜಾಝ್ ಗೀಝ್ ಏನೂ ಹೇಳಲಿಲ್ಲ. ‘ಇದು ಅಮೆರಿಕದ ಪೆಟ್ಟಿಗೆ ಮಾವ’ ಅಂದೆ, ಅಷ್ಟೇ.

ಒಂದು ನಿಮಿಷ ಕೇಳಿ ಅವನು ಕೇಳಿದ ಮೊದಲ ಪ್ರಶ್ನೆ: ‘ಗಾಳಿ ಯಾರು ತುಳೀತಾರೆ ಅಳಿಯಾ?’

‘ಯಾರೂ ಇಲ್ಲ ಮಾವ. ಕರೆಂಟು.’

ಇನ್ನೊಂದು ಸ್ವಲ್ಪ ಕೇಳಿದ. ಬೆರಳು ಮಂಚದ ಅಂಚಿನ ಮೇಲೆ ಆಡ್ತಿತ್ತು. ‘ಅಂಗಾರೆ ಇವನ ಕಾಲು ಖಾಲಿ ಐತೆ. ಖಾಲಿ ಕಾಲು ಸುಮ್ಕೆ ಇರಲ್ಲ. ಏನ್ ಮಾಡ್ತೈತೆ ಅದು?’

ನಾನು ಬೆಟ್ಟದ ಮೇಲೆ ಗೂಗಲ್ ಮಾಡಿ ತಿಳ್ಕೊಂಡಿದ್ದನ್ನ ಮಾವ ತರ್ಕದಲ್ಲಿ ಹಿಡಿದಿದ್ದ. ಕೆಳಗಿನ ಆ ದುಮ್ ದುಮ್ ಇನ್ನೊಬ್ಬರದಲ್ಲ, ಇವನದೇ.

*

ಇಲ್ಲಿ ಒಂದು ತಿದ್ದುಪಡಿ ಬೇಕು. ಜಾಝ್ ಕೇಳೋ ಸ್ನೇಹಿತರು ‘ಆರ್ಗನಿಸ್ಟ್ ಬಾಸನ್ನ ಕಾಲಲ್ಲೇ ನುಡಿಸ್ತಾನೆ’ ಅಂತ ಸಲೀಸಾಗಿ ಹೇಳಿಬಿಡ್ತಾರೆ. ಅಷ್ಟು ಸರಳ ಅಲ್ಲ. ಸ್ಮಿತ್ ಬಾಸಿನ ಸಾಲನ್ನ ಹೆಚ್ಚಾಗಿ ಎಡಗೈಲಿ ನಡೆಸ್ತಾನೆ. ಎಡಗಾಲು ಪೆಡಲನ್ನ ಪೂರ್ತಿ ಒತ್ತದೆ ಸುಮ್ಮನೆ ತಟ್ಟುತ್ತೆ. ಆ ತಟ್ಟುವಿಕೆಯಿಂದ ಪ್ರತಿ ಸ್ವರದ ಶುರುವಿನಲ್ಲಿ ಒಂದು ‘ಠಕ್’ ಸೇರಿ, ತಂತಿ ಮೀಟಿದ ಹಾಗೆ ಕೇಳಿಸುತ್ತೆ. ಕೈ ಸ್ವರ ಕೊಡುತ್ತೆ, ಕಾಲು ಪೆಟ್ಟು ಕೊಡುತ್ತೆ. ಬಲಗಾಲು ಸದ್ದಿನ ಪೆಡಲ್ ಮೇಲೆ. ಬಲಗೈ ಇಷ್ಟೆಲ್ಲಾ ಯಾರೋ ಬೇರೆಯವರು ಮಾಡ್ತಿದ್ದಾರೆ ಅನ್ನೋ ಹಾಗೆ ಮೇಲೆ ಹಾರಾಡ್ತಾ ಇರುತ್ತೆ.

ಒಬ್ಬ ಮನುಷ್ಯ ನಾಲ್ಕು ಭಾಗವಾಗಿ, ಒಂದು ಭಾಗಕ್ಕೆ ಇನ್ನೊಂದರ ಸುದ್ದಿಯೇ ಇಲ್ಲದ ಹಾಗೆ ಕೆಲಸ ಮಾಡೋದು. ಇದು ತಾನಾಗಿ ಬಂದದ್ದಲ್ಲ. ಪೆನ್ಸಿಲ್ವೇನಿಯಾದ ನಾರಿಸ್‌ಟೌನ್‌ನಲ್ಲಿ ಹುಟ್ಟಿದ ಸ್ಮಿತ್ ಮೊದಲು ಪಿಯಾನೋದವನು. ವೈಲ್ಡ್ ಬಿಲ್ ಡೇವಿಸ್ ಆರ್ಗನ್ ನುಡಿಸೋದನ್ನ ಕೇಳಿ ತಲೆಕೆಟ್ಟು, ಒಂದು ಹ್ಯಾಮಂಡ್ ತಗೊಂಡು, ಅದನ್ನ ಗೋದಾಮಿನಲ್ಲಿಟ್ಟು ತಿಂಗಳುಗಟ್ಟಲೆ ಒಬ್ಬನೇ ಸಾಧನೆ ಮಾಡಿದ. ಪೆಡಲ್‌ಗಳ ನಕ್ಷೆ ಬರೆದು ಕಣ್ಣೆದುರು ಗೋಡೆಗೆ ಅಂಟಿಸಿಕೊಂಡಿದ್ದನಂತೆ, ಕಾಲು ನೋಡೋಕೆ ತಲೆ ಬಗ್ಗಿಸಬಾರದು ಅಂತ. 1956ರಲ್ಲಿ ಬ್ಲೂ ನೋಟ್‌ನಲ್ಲಿ ಮೊದಲ ರೆಕಾರ್ಡು ಬಂತು. ಆಮೇಲೆ ಜಾಝಿನಲ್ಲಿ ಆರ್ಗನ್ ಅಂದ್ರೆ ಸ್ಮಿತ್‌ಗಿಂತ ಮುಂಚೆ, ಸ್ಮಿತ್ ಆದ ಮೇಲೆ ಅಂತ ಎರಡು ಕಾಲ.

ಈಗ ಹಾಡುಗಳು. ಮೊದಲನೆಯದು ಹನ್ನೆರಡು ಬಾರಿನ ಬ್ಲೂಸ್. ತಾಳದ ಆವರ್ತನ ಗೊತ್ತಿರೋ ನಮಗೆ ಇದು ಸುಲಭ: ಹನ್ನೆರಡು ಅಳತೆಯ ಒಂದು ಸುತ್ತು, ಮುಗಿದ ಕೂಡಲೇ ಮತ್ತೆ ಶುರು. ಯಾರು ಏನೇ ನುಡಿಸಲಿ, ಸುತ್ತು ತಪ್ಪೋ ಹಾಗಿಲ್ಲ. ಇದರಲ್ಲಿ ಕೇಳಬೇಕಾದ್ದು ಬರೆಲ್‌ನ ಗಿಟಾರು. ಆಗ ಅವನಿಗೆ 28. ಒಂದೂ ಹೆಚ್ಚಿನ ಸ್ವರ ಇಲ್ಲ. ಮಾತಾಡಿ, ಎದುರಿನವರು ನಕ್ಕರೋ ಅಂತ ನೋಡಿ, ಮತ್ತೆ ಮಾತಾಡೋರ ಥರ. ಸ್ಮಿತ್‌ನ ದೊಡ್ಡತನ ಗೊತ್ತಾಗೋದು ಅವನು ತಾನೇ ಸೋಲೋ ನುಡಿಸುವಾಗ ಅಲ್ಲ, ಇನ್ನೊಬ್ಬರು ನುಡಿಸುವಾಗ ಹಿಂದೆ ಏನು ಮಾಡ್ತಾನೆ ಅನ್ನೋದರಲ್ಲಿ. ಅವನ ಕೈಲಿ ಇಡೀ ಕೋಣೆ ತುಂಬಿಸೋ ಯಂತ್ರ ಇದೆ. ಆದರೂ ಜಾಗ ಬಿಡ್ತಾನೆ.

ಎರಡನೆಯದು ‘ವೆನ್ ಐ ಗ್ರೋ ಟೂ ಓಲ್ಡ್ ಟು ಡ್ರೀಮ್’. ಸಿಗ್ಮಂಡ್ ರಾಂಬರ್ಗ್, ಆಸ್ಕರ್ ಹ್ಯಾಮರ್‌ಸ್ಟೈನ್ ಮಾಡಿದ ಹಾಡು, 1935ರ ಸಿನಿಮಾದ್ದು. ಮೂಲದಲ್ಲಿ ಮೂರರ ಎಣಿಕೆಯ ವಾಲ್ಟ್ಸ್, ಸಕ್ಕರೆ ಸ್ವಲ್ಪ ಜಾಸ್ತಿ. ಕನಸು ಕಾಣೋಕಾಗದಷ್ಟು ವಯಸ್ಸಾದ ಮೇಲೆ ನೆನಪು ಸಾಕು ಅನ್ನೋ ಥರದ ಭಾವ. ಇವರು ಅದನ್ನ ನಾಲ್ಕರ ನಡೆಗೆ ಬಗ್ಗಿಸಿ, ಸಕ್ಕರೆ ತೆಗೆದು, ಹತ್ತು ನಿಮಿಷದ ಹತ್ತಿರ ನುಡಿಸ್ತಾರೆ. ಇಲ್ಲಿ ರಾಜ ಟರೆಂಟೀನ್. ಆ ತಿಂಗಳು ತಾನೇ 26 ತುಂಬಿತ್ತು ಅವನಿಗೆ. ಸ್ಯಾಕ್ಸೊಫೋನಿನ ಆ ದಪ್ಪ, ಸ್ವಲ್ಪ ಒರಟು ದನಿ ಕೇಳಿದರೆ ಐವತ್ತರ ಮನುಷ್ಯ ಅನ್ಸುತ್ತೆ. ಮುಂದೆ ಅವನು ಶಿರ್ಲಿ ಸ್ಕಾಟ್‌ಳನ್ನ ಮದುವೆಯಾದ. ಆಕೆಯೂ ಆರ್ಗನ್ ವಾದಕಿ, ಬಹಳ ದೊಡ್ಡ ವಾದಕಿ. ಗಂಡ ಹೆಂಡತಿ ಸೇರಿ ನುಡಿಸಿದ ರೆಕಾರ್ಡುಗಳಿವೆ, ಹುಡುಕಿ ಕೇಳಿ. ಈ ಮನುಷ್ಯನ ದನಿಗೆ ಆರ್ಗನ್ ಅಂದ್ರೆ ರಾಗಿಮುದ್ದೆಗೆ ಸಾರಿದ್ದಂಗೆ.

ಮೂರನೆಯದು ‘ಮೈನರ್ ಚಾಂಟ್’, ಟರೆಂಟೀನ್‌ದೇ ರಚನೆ. ಅದೇ ವರ್ಷ ತನ್ನ ಸ್ವಂತ ಆಲ್ಬಂ ‘ಲುಕ್ ಔಟ್!’ನಲ್ಲೂ ಇದನ್ನ ನುಡಿಸಿದ. ನನಗೆ ಆಲ್ಬಮ್ಮಿನಲ್ಲಿ ಅತಿ ಹೆಚ್ಚು ಇಷ್ಟ ಇದು. ಉಳಿದ ಮೂರು ಹಾಡಿನಲ್ಲಿ ಇಲ್ಲದ ಒಂದು ಕತ್ತಲು ಇದರಲ್ಲಿದೆ. ಇಲ್ಲಿ ಡೊನಾಲ್ಡ್ ಬೈಲಿಯನ್ನ ಕೇಳಬೇಕು. ಆರ್ಗನ್ ಜೊತೆ ಡ್ರಮ್ಸ್ ನುಡಿಸೋದು ಕಷ್ಟದ ಕೆಲಸ. ಜೋರಾಗಿ ಬಡಿದರೆ ಬಾಸು ಮುಚ್ಚಿಹೋಗುತ್ತೆ, ಮೆಲ್ಲಗೆ ಬಡಿದರೆ ಹಾಡು ಮಲಗುತ್ತೆ. ಬೈಲಿ ವರ್ಷಗಟ್ಟಲೆ ಸ್ಮಿತ್ ಜೊತೆ ಇದ್ದವನು, ಆ ಎಡಗಾಲು ಮುಂದೆ ಏನು ಮಾಡುತ್ತೆ ಅಂತ ಅವನಿಗೆ ಮೊದಲೇ ಗೊತ್ತು.

ಕೊನೆಯದು ‘ಮೆಸ್ಸಿ ಬೆಸ್ಸಿ’, ಹನ್ನೆರಡು ನಿಮಿಷಕ್ಕೂ ಮೇಲೆ. ನನ್ನ ತಕರಾರು ಇದರ ಮೇಲೆ. ಮೊದಲ ಐದಾರು ನಿಮಿಷ ಬೆಂಕಿ. ಆಮೇಲೆ ಇವರಿಗೇ ನಿಲ್ಲಿಸೋಕೆ ಮನಸ್ಸಿಲ್ಲ. ಒಂದು ಬಾರಿನಲ್ಲಿ, ರಾತ್ರಿ ಒಂದು ಗಂಟೆಗೆ, ಎದುರಲ್ಲಿ ಕುಣಿಯೋ ಜನ ಇದ್ದರೆ ಇಪ್ಪತ್ತು ನಿಮಿಷವಾದರೂ ನುಡಿಸಬಹುದು. ಹೆಡ್‌ಫೋನ್ ಹಾಕ್ಕೊಂಡು ಕೂತವನಿಗೆ ಅದೇ ಮಾತು ಮೂರನೇ ಸಲ ಕೇಳಿದ ಹಾಗಾಗುತ್ತೆ. ಸ್ಮಿತ್‌ನ ದೌರ್ಬಲ್ಯವೇ ಇದು: ಬೆರಳು ಇಷ್ಟು ಮಾತು ಕೇಳುವಾಗ ಬೆರಳಿಗೆ ‘ಸಾಕು’ ಅನ್ನೋದು ಕಷ್ಟ. ಮೇಲೆ ಹೇಳಿದ ಜಾಗ ಬಿಡೋ ಗುಣ ಇಲ್ಲಿ ಮರೆತುಹೋಗಿದೆ. ಆದರೂ ಮಾವನಿಗೆ ಇಷ್ಟವಾಗಿದ್ದು ಇದೇ. ‘ಈಗ ಮೈ ಬಿಸಿಯಾಗೈತೆ ಅವನಿಗೆ’ ಅಂದ. ರಾತ್ರಿಯಿಡೀ ನುಡಿಸಿದವನ ಮಾತು. ನಾನು ಎದುರಾಡಲಿಲ್ಲ.

*

ಆರ್ಗನ್ ಜಾಝಿಗೆ ದೊಡ್ಡ ಮರ್ಯಾದೆ ಇರಲಿಲ್ಲ ಅನ್ನೋದು ಈಗ ಮರೆತುಹೋಗಿದೆ. ಅದು ಕಪ್ಪು ಜನರ ಬಡಾವಣೆಯ ಸಣ್ಣ ಬಾರುಗಳ ಸಂಗೀತ. ಒಬ್ಬ ಆರ್ಗನಿಸ್ಟ್ ಬಂದರೆ ಪಿಯಾನೋದವನೂ ಬೇಡ, ಬಾಸಿನವನೂ ಬೇಡ, ಮಾಲೀಕನಿಗೆ ಎರಡು ಸಂಬಳ ಉಳೀತು. ಭಾನುವಾರ ಬೆಳಗ್ಗೆ ಚರ್ಚಿನಲ್ಲಿ ಕೇಳಿದ ಅದೇ ವಾದ್ಯ ಶನಿವಾರ ರಾತ್ರಿ ಬಾರಿನಲ್ಲಿ. ಜನರಿಗೆ ಅದು ತಮ್ಮ ಮನೆಯ ಸದ್ದು. ‘ಗಂಭೀರ’ ಜಾಝ್ ಕೇಳುವವರಿಗೆ ಅದು ಕುಡಿದವರು ಕಾಲು ಕುಣಿಸೋ ಸರಕು. ಮನೆ ಒತ್ತಿದಾಗ ಬರೋ ಸಣ್ಣ ‘ಕಿಟ್’ ಸದ್ದನ್ನ ಹ್ಯಾಮಂಡ್ ಕಂಪನಿಯೇ ದೋಷ ಅಂದುಕೊಂಡಿತ್ತು. ಈ ಜನ ಅದನ್ನೇ ತಾಳಕ್ಕೆ ಬಳಸಿಕೊಂಡರು.

ಇದು ಓದ್ತಾ ನಿಮಗೆ ನಮ್ಮ ಹಾರ್ಮೋನಿಯಂ ನೆನಪಾಗದಿದ್ದರೆ ನಾನು ನೆನಪಿಸ್ತೀನಿ. 1940ರಿಂದ 1971ರವರೆಗೆ, ಮೂವತ್ತೊಂದು ವರ್ಷ, ಆಕಾಶವಾಣಿಯಲ್ಲಿ ಹಾರ್ಮೋನಿಯಮ್ಮಿಗೆ ನಿಷೇಧ ಇತ್ತು. ಕಾರಣ: ಪರದೇಶದ್ದು, ಮನೆಗಳ ಶ್ರುತಿ ಗಟ್ಟಿ, ಸ್ವರದಿಂದ ಸ್ವರಕ್ಕೆ ಜಾರೋಕಾಗಲ್ಲ, ಗಮಕ ಬರಲ್ಲ. ಕಾರಣ ಸುಳ್ಳೇನಲ್ಲ. ಆದರೆ ಅದೇ ಮೂವತ್ತು ವರ್ಷ ಕರ್ನಾಟಕದ ಕಂಪನಿ ನಾಟಕಗಳೆಲ್ಲ ನಿಂತಿದ್ದು ಕಾಲು ಹಾರ್ಮೋನಿಯಮ್ಮಿನ ಮೇಲೆ. ಮೈಕಿಲ್ಲದ ಕಾಲದಲ್ಲಿ ಟೆಂಟಿನ ಕೊನೆಯ ಸಾಲಿಗೆ ಶ್ರುತಿ ಮುಟ್ಟಿಸಬೇಕಿತ್ತಲ್ಲ. ಆರ್. ಪರಮಶಿವನ್ ಅಂಥವರು ಒಂದು ಪೆಟ್ಟಿಗೆಯ ಮುಂದೆ ಕೂತು ರಂಗಗೀತೆಯ ಒಂದು ಇಡೀ ಪರಂಪರೆಯನ್ನ ನೆನಪಲ್ಲಿಟ್ಟುಕೊಂಡಿದ್ದರು. ಬೆಳಗಾವಿಯ ರಾಮಭಾವು ಬಿಜಾಪುರೆ ಅದೇ ‘ಜಾರೋಕಾಗದ’ ಮನೆಗಳ ಮೇಲೆ ಹಿಂದೂಸ್ತಾನಿ ರಾಗಗಳನ್ನ ಸೋಲೋ ನುಡಿಸಿ ತೋರಿಸಿದರು. ವಾದ್ಯಕ್ಕೆ ಏನು ಬರಲ್ಲ ಅನ್ನೋದನ್ನ ತಜ್ಞರು ಪಟ್ಟಿ ಮಾಡ್ತಾರೆ. ಬರೋದರಲ್ಲಿ ಏನು ಮಾಡಬಹುದು ಅನ್ನೋದನ್ನ ನುಡಿಸೋರು ಹುಡುಕ್ತಾರೆ.

ಬೆಟ್ಟದ ಮೇಲೆ, ಗುಡಿಯ ಹತ್ತಿರ, ಬಳೆಗಾರ ಗುಂಡು ಅಂತ ಒಂದು ಬಂಡೆ ಇದೆ. ಜಟಾಯು ರಾವಣನ ಜೊತೆ ಹೋರಾಡಿ ಬಿದ್ದ ಜಾಗ ಅಂತ ಈ ಬೆಟ್ಟದ ಮೇಲೆ ಜನಕ್ಕೆ ಭಕ್ತಿ, ಜಾತ್ರೆಗೆ ಬಳೆಗಾರರು ಆ ಬಂಡೆ ಮೇಲೆ ಅಂಗಡಿ ಹೂಡೋರು. ಆ ಬಂಡೆಯ ಮೇಲೆ ಅಶೋಕನ ಶಾಸನ ಇದೆ ಅಂತ ಬಿ.ಎಲ್. ರೈಸ್ 1892ರಲ್ಲಿ ಕಂಡುಹಿಡಿದರು. ಹತ್ತಿರದ ಬ್ರಹ್ಮಗಿರಿ, ಸಿದ್ದಾಪುರದಲ್ಲೂ ಅದೇ ಶಾಸನ; ಇಲ್ಲಿನದು ಎಲ್ಲಕ್ಕಿಂತ ಹೆಚ್ಚು ಸವೆದಿದೆ. ಬರೆದವನ ಹೆಸರು ಚಪಡ. ಶಾಸನವನ್ನೆಲ್ಲ ಬ್ರಾಹ್ಮಿಯಲ್ಲಿ ಬರೆದು, ‘ಲಿಪಿಕಾರ’ ಅನ್ನೋ ತನ್ನ ಕಸುಬಿನ ಪದವನ್ನ ಮಾತ್ರ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಹಾಕಿದ ಮನುಷ್ಯ. ಶಾಸನದ ಒಂದು ಮಾತಿನ ಸಾರ ಇಷ್ಟು: ಈ ಫಲ ದೊಡ್ಡವರಿಗೆ ಮಾತ್ರ ಸಿಗೋದಲ್ಲ, ಸಣ್ಣವರೂ ಶ್ರಮಪಟ್ಟರೆ ಸ್ವರ್ಗ ಮುಟ್ಟಬಹುದು.

ನಾನು ಆ ಬಂಡೆಯ ಪಕ್ಕ ಕೂತು ಜಿಮ್ಮಿ ಸ್ಮಿತ್ ಕೇಳ್ತಿದ್ದೆ. ಎರಡಕ್ಕೂ ಸಂಬಂಧ ಕಟ್ಟೋದು ಸ್ವಲ್ಪ ಅತಿಯಾಯ್ತು ಅಂತ ನನಗೂ ಗೊತ್ತು. ಆದರೆ ಆ ಹೊತ್ತಲ್ಲಿ ತಲೆಗೆ ಬಂದದ್ದು ಚಕ್ರವರ್ತಿ ಅಲ್ಲ, ಉಳಿ ಹಿಡಿದು ಅಷ್ಟು ಎತ್ತರಕ್ಕೆ ಹತ್ತಿದವನ ಮಂಡಿ. ನಾನು ಮಾರಿಸಲಿಕ್ಕೆ ಬಂದ ಪೆಟ್ಟಿಗೆ ಕೂಡ.

*

ಇದು ಇಷ್ಟವಾದರೆ ಮುಂದೆ ಏನು ಕೇಳಬೇಕು? ಇನ್ನೂ ಹೆಚ್ಚು ಫಂಕಿ ಬೇಕು ಅಂದ್ರೆ ಲೂ ಡೊನಾಲ್ಡ್‌ಸನ್‌ನ ‘ಅಲಿಗೇಟರ್ ಬೂಗಲೂ’ (1967). ಅದರಲ್ಲಿ ಆರ್ಗನ್ ಲಾನಿ ಸ್ಮಿತ್‌ದು. ಇವನು ಬೇರೆ ಸ್ಮಿತ್, ಆಮೇಲೆ ಯಾಕೋ ಪೇಟ ಸುತ್ತಿಕೊಂಡು ‘ಡಾಕ್ಟರ್’ ಅಂತ ಹೆಸರಿಟ್ಟುಕೊಂಡವನು. ಹಿಪ್‌ಹಾಪ್ ಕೇಳೋರಿಗೆ ಇವನು ಗೊತ್ತಿಲ್ಲದೆಯೇ ಗೊತ್ತು: ಎ ಟ್ರೈಬ್ ಕಾಲ್ಡ್ ಕ್ವೆಸ್ಟ್‌ನವರು ‘ಕ್ಯಾನ್ ಐ ಕಿಕ್ ಇಟ್?’ಗೆ ಇವನ ರೆಕಾರ್ಡಿನ ಡ್ರಮ್ಸ್ ಎತ್ತಿಕೊಂಡಿದ್ದಾರೆ. ಬೀಸ್ಟಿ ಬಾಯ್ಸ್‌ರ ‘ರೂಟ್ ಡೌನ್’ ನಿಂತಿರೋದೂ ನಮ್ಮ ಜಿಮ್ಮಿ ಸ್ಮಿತ್‌ನ 1972ರ ರೆಕಾರ್ಡಿನ ಮೇಲೆ. ಕಾಲಲ್ಲೇ ಬಾಸ್ ಓಡಿಸೋದನ್ನ ಕೇಳಬೇಕು ಅಂದ್ರೆ ಚಾರ್ಲ್ಸ್ ಅರ್ಲೆಂಡ್‌ನ ‘ಬ್ಲ್ಯಾಕ್ ಟಾಕ್!’ (1969). ತಲೆಗೆ ಸ್ವಲ್ಪ ಕೆಲಸ ಬೇಕು ಅಂದ್ರೆ ಲ್ಯಾರಿ ಯಂಗ್‌ನ ‘ಯೂನಿಟಿ’. ಆದರೆ ಶುರು ಮಾಡೋದು ಚಿಕನ್ ಶ್ಯಾಕಿನಿಂದಲೇ ಮಾಡಿ. ಲ್ಯಾಪ್‌ಟಾಪ್ ಸ್ಪೀಕರಲ್ಲಿ ಬೇಡ, ಅದರಲ್ಲಿ ಕಾಲು ಕೇಳಿಸೋದಿಲ್ಲ. ಮೊದಲ ಸಲ ಕೇಳುವಾಗ ಬಲಗೈಯನ್ನ ಮರೆತು ಕೆಳಗಿನದನ್ನ ಮಾತ್ರ ಹಿಂಬಾಲಿಸಿ.

ಇನ್ನು ಪೆಟ್ಟಿಗೆಯ ವಿಚಾರ. ಆ ಮಧ್ಯಾಹ್ನ ನಾನು ‘ಮಾರೋದು ಬೇಡ ಮಾವ, ಇಲ್ಲೇ ಇರಲಿ’ ಅಂದೆ. ಆಲ್ಬಂ ಕೇಳಿ ಬಂದ ಆವೇಶ. ಮಾವ ನಕ್ಕ. ‘ನೀನು ಬಂದು ತುಳೀತೀಯಾ?’ ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಮಂಡಿಗೆ ದುಡ್ಡು ಬೇಕಿತ್ತು. ಇಲಿ ಕಡಿದಿದ್ದ ತಿದಿಯ ಬಟ್ಟೆಯನ್ನ ಅವನೇ ಎರಡು ದಿನ ಕೂತು ಹೊಲಿದು ಅಂಟಿಸಿ ಸರಿಮಾಡಿದ. ಶೋಕಿಗೆ ಇಡೋರಿಗೆ ಯಾಕೆ ಇದೆಲ್ಲ ಅಂದೆ. ‘ತುಳಿದ್ರೆ ಉಸಿರಾಡಬೇಕಪ್ಪಾ. ಇಲ್ಲಾಂದ್ರೆ ಅದು ಸೌದೆ’ ಅಂದ. ಗಾಡಿಗೆ ಹಾಕುವಾಗ ಹೊರಗೆ ಬರಲಿಲ್ಲ.

ಹೋದ ವಾರ ಆ ಕೆಫೆಗೆ ಹೋಗಿದ್ದೆ. ಮೂಲೆಯಲ್ಲಿ, ಹಳದಿ ದೀಪದ ಕೆಳಗೆ ಇಟ್ಟಿದ್ದಾರೆ. ಚೆನ್ನಾಗೇ ಕಾಣುತ್ತೆ. ಮೇಲೆ ಮೂರು ಗಿಡದ ಕುಂಡ. ಸೀಲಿಂಗ್ ಸ್ಪೀಕರಲ್ಲಿ ಯಾವುದೋ ಜಾಝ್ ಬರ್ತಿತ್ತು, ಆರ್ಗನ್ ಇರಲಿಲ್ಲ. ನಾನು ಕುಂಡ ಒಂದೊಂದಾಗಿ ಕೆಳಗಿಳಿಸಿ, ಮುಚ್ಚಳ ತೆಗೆದು, ಸ್ಟೂಲ್ ಎಳ್ಕೊಂಡು ಕೂತೆ. ನನಗೆ ನುಡಿಸೋಕೆ ಬರಲ್ಲ. ಎಡಗಾಲು, ಬಲಗಾಲು, ಎಡಗಾಲು. ಮೊದಲು ಬರೀ ಗಾಳಿಯ ಸದ್ದು. ಆಮೇಲೆ ಒಂದು ಮನೆ ಒತ್ತಿದೆ. ಸ್ವರ ಬಂತು, ದಪ್ಪಗೆ, ಪಕ್ಕದ ಟೇಬಲ್ಲಿನವರು ತಿರುಗಿ ನೋಡೋ ಹಾಗೆ.

ಕಾಫಿ ತಂದ ಹುಡುಗ ಟ್ರೇ ಹಿಡ್ಕೊಂಡೇ ನಿಂತುಬಿಟ್ಟ. ‘ಸರ್, ಇದು ವರ್ಕ್ ಆಗುತ್ತಾ?’ ಅಂದ.

‘ಆಗುತ್ತೆ. ತುಳೀತಾ ಇರಬೇಕು, ಅಷ್ಟೇ’ 

ಅಂದೆ. ಟ್ರೇ ಪಕ್ಕಕ್ಕಿಟ್ಟು ಅವನೂ ಒಂದು ಮನೆ ಒತ್ತಿ ನೋಡಿದ. ನಾನು ತುಳೀತಾ ಇದ್ದೆ.